ಮಾತ್ರೆಯ ಹೆಸರನ್ನು ಯಂತ್ರ ಓದಿ ಹೇಳಿದಾಗ

ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಸಣ್ಣ ಅಕ್ಷರಗಳು ಮಸುಕಾಗುವುದು ಸಹಜ. ಇದರೊಂದಿಗೆ ಕಣ್ಣಿನ ಪೊರೆಯೋ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದ ತೊಂದರೆಯೋ ಸೇರಿಕೊಂಡರೆ ಮಾತ್ರೆಯ ಪಟ್ಟಿಯ ಮೇಲಿನ ಬರಹ ಓದುವುದು ಕಷ್ಟವೇ ಸರಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಕಡೆ ಮಕ್ಕಳು ಕೆಲಸಕ್ಕೆ ಹೊರಟ ಮೇಲೆ ಹಿರಿಯರಿಗೆ ಓದಿ ಹೇಳುವವರೂ ಇರುವುದಿಲ್ಲ. ಇಂಥವರಿಗೆ ಈಗ ಮೊಬೈಲ್ ಫೋನು ಆಸರೆಯಾಗಬಲ್ಲದು. ಸೂಕ್ತ ತಂತ್ರಾಂಶವಿದ್ದರೆ, ಅದರ ಕ್ಯಾಮೆರಾ ಕಂಡ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ.

ಯಂತ್ರ ಓದುವುದು ಹೇಗೆ?

ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಕಪ್ಪು ಶಾಯಿ ಹೀರಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಕ್ಯಾಮೆರಾದೊಳಗಿನ ಸಂವೇದಕ ವಿದ್ಯುತ್ ಸಂಕೇತವಾಗಿಸುತ್ತದೆ. ನಮ್ಮ ಅಕ್ಷಿಪಟಲ ಮಾಡುವುದೂ ಇದನ್ನೇ. ಮಿದುಳಿನ ಪಾಲಿನ ಕೆಲಸವನ್ನು ತಂತ್ರಾಂಶ ಮಾಡುತ್ತದೆ. ಅದು ಸಾಲು, ಪದ, ಅಕ್ಷರಗಳನ್ನು ಬಿಡಿಸಿ, ಮೊದಲೇ ಕಲಿತ ಮಾದರಿಗಳ ಆಧಾರದಿಂದ ಇದು ಇಂಥ ಅಕ್ಷರವೆಂದು ಊಹಿಸುತ್ತದೆ.

ಅಂಧರಿಗಾಗಿ ಮುದ್ರಿತ ಪುಟವನ್ನು ಓದಿ ಹೇಳುವ ಯಂತ್ರವನ್ನು ಅಮೆರಿಕದ ರೇ ಕರ್ಜ್‌ವೈಲ್ 1976ರಲ್ಲಿ ಹೊರತಂದರು. ಕನ್ನಡಕ್ಕೆ ಈ ಕೆಲಸ ಇನ್ನೂ ಕಠಿಣ. ನಮ್ಮಲ್ಲಿ ಗುಣಿತ, ಒತ್ತಕ್ಷರಗಳಿವೆ. ದ, ಧ, ಥಗಳ ನಡುವೆ ಒಂದು ಗೆರೆ ಅಥವಾ ಚುಕ್ಕೆಯಷ್ಟೇ ಅಂತರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಇದಕ್ಕಾಗಿಯೇ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶ ರೂಪಿಸಿದೆ.

ಎಲ್ಲಿ ಎಡವುತ್ತದೆ?

ಊಹೆ ಎಂದ ಮೇಲೆ ತಪ್ಪೂ ಉಂಟು. ಮಾತ್ರೆಯ ಪಟ್ಟಿಯ ಹಾಳೆ ಹೊಳೆಯುತ್ತದೆ, ಸುಕ್ಕಾಗಿರುತ್ತದೆ. ಅವಧಿಯ ದಿನಾಂಕವನ್ನು ಎಷ್ಟೋ ಸಲ ಶಾಯಿಯಿಲ್ಲದೆ ಒತ್ತಿರುತ್ತಾರೆ. ಆಗ 3 ಎಂಬುದು 8 ಆಗಬಹುದು. 2.5 ಮಿಲಿಗ್ರಾಂನ ಚುಕ್ಕೆ ಕಾಣದೆ ಹೋದರೆ ಅದು 25 ಆಗುತ್ತದೆ, ಅಂದರೆ ಹತ್ತು ಪಟ್ಟು! ಪದ ತಪ್ಪಿದರೆ ಅರ್ಥ ಕೆಟ್ಟು ನಮಗೆ ತಿಳಿಯುತ್ತದೆ; ಅಂಕಿ ತಪ್ಪಿದರೆ ತಿಳಿಯುವುದಿಲ್ಲ.

ಆಗಸ್ಟ್ 2023ರಿಂದ 300 ಹೆಸರಾಂತ ಬ್ರಾಂಡ್‌ಗಳ ಔಷಧಿಗಳ ಮೇಲೆ ಬಾರ್ ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಔಷಧಿಯ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಅದರಲ್ಲಿರುತ್ತವೆ. ಯಂತ್ರಕ್ಕೆಂದೇ ಮಾಡಿದ ಈ ಗುರುತಿನಲ್ಲಿ ತಪ್ಪು ಓದುವ ಸಾಧ್ಯತೆ ಬಹಳ ಕಡಿಮೆ.

ನೆನಪಿಡಿ

* ಪಟ್ಟಿಯನ್ನು ಬೆಳಕಿನಲ್ಲಿ ಸಮತಟ್ಟಾಗಿಟ್ಟು, ಹೊಳಪು ತಪ್ಪಿಸಿ, ಎರಡು ಸಲ ಓದಿಸಿ.

* ಹೆಸರು, ದಿನಾಂಕವಿರುವ ತುದಿಯ ಮಾತ್ರೆಗಳನ್ನು ಕೊನೆಗೆ ಬಳಸಿ. ಪಟ್ಟಿಯನ್ನು ಬಿಡಿಬಿಡಿಯಾಗಿ ಕತ್ತರಿಸಬೇಡಿ.

* ಫೋನು ಹೇಳಿದ್ದು ವೈದ್ಯರ ಚೀಟಿಗೆ ತಾಳೆಯಾಗದಿದ್ದರೆ, ನುಂಗುವ ಮೊದಲು ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿ.

* ಮಕ್ಕಳು ವಾರಕ್ಕೊಮ್ಮೆ ಹಿರಿಯರ ಔಷಧಿ ಡಬ್ಬಿಯನ್ನು ತಾವೇ ನೋಡಲಿ.

ಕೊನೆಯದಾಗಿ, ಫೋನು ಓದುತ್ತದೆಂದು ಕಣ್ಣನ್ನು ಮರೆಯಬೇಡಿ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳಬೇಕು. ದೃಷ್ಟಿ ಹಠಾತ್ತನೆ ಮಂಜಾದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಿರಿ.