ಗುಟ್ಟು ಬಿಟ್ಟುಕೊಟ್ಟ ಬ್ರೂವರಿ

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಒಡೆಯ ಜೆ.ಸಿ. ಜೇಕಬ್‌ಸನ್ 1875ರಲ್ಲಿ ಒಂದು ಪ್ರಯೋಗಾಲಯ ತೆರೆದ. ಅಲ್ಲಿ ಏನೇ ಮಹತ್ವದ್ದು ಕಂಡುಬಂದರೂ ಪ್ರಕಟಿಸಬೇಕು, ಬಚ್ಚಿಡಕೂಡದು ಎಂಬುದು ಅವನ ಕಟ್ಟಪ್ಪಣೆ. ಲಾಭಕ್ಕೆ ನಿಂತ ವ್ಯಾಪಾರಿಗೆ ಇದು ಸಣ್ಣ ಮಾತಲ್ಲ.

1879ರಲ್ಲಿ ಇಲ್ಲಿನ ಶರೀರಕ್ರಿಯಾ ವಿಭಾಗದ ಹೊಣೆ ಹೊತ್ತವನು ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್. ರೀಬೆ ಊರಿನ ಬಡವರ ಮನೆಯ ಹುಡುಗ. ಮನೆಗಳಿಗೆ ಬಣ್ಣ ಬಳಿದು, ಕಾದಂಬರಿ ಬರೆದು ಓದಿದವನು. ಸಗಣಿಯ ಮೇಲೆ ಬೆಳೆಯುವ ಶಿಲೀಂಧ್ರಗಳ ಕುರಿತ ಪ್ರಬಂಧಕ್ಕೆ ಚಿನ್ನದ ಪದಕ ಪಡೆದ. ಗೆಳೆಯ ಆಲ್‌ಫ್ರೆಡ್ ಯೋರ್ಗೆನ್‌ಸನ್ ಜೊತೆ ಸೇರಿ ಡಾರ್ವಿನ್ನನ ಬೀಗಲ್ ಪ್ರವಾಸಕಥನವನ್ನು ಡ್ಯಾನಿಶ್ ಭಾಷೆಗೆ ತಂದ.

ಬಿಯರ್ ಹುದುಗಿಸಲು ಜೇಕಬ್‌ಸನ್ ಬಳಸುತ್ತಿದ್ದ ಯೀಸ್ಟ್ ಮ್ಯೂನಿಕ್‌ನಿಂದ ಬಂದದ್ದು. 1845ರಲ್ಲಿ ಕುದುರೆಗಾಡಿಯಲ್ಲಿ, ದಾರಿಯುದ್ದಕ್ಕೂ ಡಬ್ಬಿಗೆ ತಣ್ಣೀರು ಹೊಯ್ಯುತ್ತಾ ತಂದಿದ್ದ. ಹೆಪ್ಪಿನಿಂದ ಹೆಪ್ಪು ಉಳಿಸಿಕೊಂಡಂತೆ ಅದನ್ನೇ ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದರು. 1880ರ ದಶಕದ ಆರಂಭದಲ್ಲಿ ಬಿಯರ್ ಕಹಿಯಾಗಿ, ವಾಸನೆ ಹಿಡಿಯತೊಡಗಿತು. ಬಿಯರ್ ಕೆಡಿಸುವವು ಬ್ಯಾಕ್ಟೀರಿಯಾಗಳು ಎಂದು ಪಾಶ್ಚರ್ ಹೇಳಿದ್ದ. ಹ್ಯಾನ್ಸನ್ನನ ಅನುಮಾನ ಯೀಸ್ಟಿನ ಮೇಲೆಯೇ: ನೋಡಲು ಒಂದೇ ತರಹ ಕಾಣುವ ಕಾಡು ಯೀಸ್ಟ್‌ಗಳು ಒಳ್ಳೆಯದರೊಂದಿಗೆ ಬೆರೆತಿವೆ.

ಬೇರ್ಪಡಿಸುವುದು ಹೇಗೆ? ಯೀಸ್ಟಿಗೆ ನೀರು ಬೆರೆಸುತ್ತಾ ಹೋದ, ಸೂಕ್ಷ್ಮದರ್ಶಕದಲ್ಲಿ ಎಣಿಸಿದ, ಒಂದು ಹನಿಗೆ ಸರಿಸುಮಾರು ಒಂದೇ ಕೋಶ ಬರುವಷ್ಟು ತೆಳುವಾಗಿಸಿದ. ಆ ಹನಿಗಳನ್ನು ಪೋಷಕ ದ್ರವವಿದ್ದ ಸೀಸೆಗಳಿಗೆ ಹಾಕಿ, ಚೆನ್ನಾಗಿ ಕುಲುಕಿ, ಅಲುಗಾಡಿಸದೆ ಇಟ್ಟ. ಕೆಲ ದಿನಗಳಲ್ಲಿ ಗಾಜಿನೊಳಗೆ ಬಿಳಿ ಚುಕ್ಕೆ ಮೂಡುತ್ತದೆ. ಎರಡು ಚುಕ್ಕೆಯ ಸೀಸೆ ಬೇಡ. ಒಂದೇ ಚುಕ್ಕೆ ಇದ್ದರೆ ಅಷ್ಟೂ ಒಂದೇ ಕೋಶದ ಸಂತಾನ.

ಹೀಗೆ ಬೆಳೆಸಿದ ಶುದ್ಧ ಯೀಸ್ಟನ್ನು 1883ರ ನವೆಂಬರಿನಲ್ಲಿ ಬ್ರೂವರಿಯ ತೊಟ್ಟಿಗೆ ಹಾಕಿದರು. ಬಿಯರ್ ಸರಿಹೋಯಿತು. ಪ್ರತಿಸ್ಪರ್ಧಿಗಳು ಕೇಳಿದರೂ ಆ ಯೀಸ್ಟನ್ನು ಕೊಟ್ಟರು, ವಿಧಾನವನ್ನೂ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಕೈಗುಣವೆನಿಸಿದ್ದ ಕಸುಬು ಪಾಠವಾಯಿತು. ಕೋಪನ್‌ಹೇಗನ್ನಿನಲ್ಲೇ ಯೋರ್ಗೆನ್‌ಸನ್ ಸ್ವಂತ ಪ್ರಯೋಗಾಲಯ ನಡೆಸುತ್ತಾ ದೇಶವಿದೇಶದಿಂದ ಬಂದವರಿಗೆ ಹುದುಗುವಿಕೆಯ ವಿದ್ಯೆ ಕಲಿಸಿದ.

ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಿಂದ ಬಂದದ್ದು ಯೀಸ್ಟ್ ಒಂದೇ ಅಲ್ಲ. ಧಾನ್ಯದ ಪ್ರೋಟೀನ್ ಲೆಕ್ಕಕ್ಕೆ ಇಂದಿಗೂ ಬಳಸುವ ಸಾರಜನಕ ಪರೀಕ್ಷೆ ಯೋಹಾನ್ ಕೆಲ್‌ಡಾಲ್‌ನದು, ಅದೂ 1883ರದೇ. ನಮ್ಮ ರೈತರ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಕಾಣುವ ಪಿಎಚ್ ಅಳತೆಯನ್ನು 1909ರಲ್ಲಿ ಇಲ್ಲೇ ಸೋರೆನ್‌ಸೆನ್ ರೂಪಿಸಿದ. ಹ್ಯಾನ್ಸನ್ ತೀರಿಕೊಂಡದ್ದೂ ಅದೇ ವರ್ಷ.

ಕಾಡು ಯೀಸ್ಟ್‌ಗಳೆಲ್ಲ ಕೆಟ್ಟವೇನಲ್ಲ ಎಂದು ತೋರಿಸಿದವನೂ ಕಾರ್ಲ್ಸ್‌ಬರ್ಗಿನವನೇ. ಹಳೆಯ ಇಂಗ್ಲಿಷ್ ಬಿಯರಿನ ವಿಶಿಷ್ಟ ರುಚಿಗೆ ಅಂಥದೊಂದು ಯೀಸ್ಟೇ ಕಾರಣವೆಂದು ಬ್ರೂವರಿಯ ಎನ್. ಹೆಲ್ಟೆ ಕ್ಲಾಸನ್ 1904ರಲ್ಲಿ ಸಾರಿ, ಅದಕ್ಕೆ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟ. ಬಚ್ಚಿಡಕೂಡದೆಂದ ಜೇಕಬ್‌ಸನ್ ಆಗ ಬದುಕಿರಲಿಲ್ಲ. ಕ್ಲಾಸನ್ ತನ್ನ ವಿಧಾನಕ್ಕೆ ಪೇಟೆಂಟ್ ಮಾಡಿಸಿಕೊಂಡ.