ಸೈನಿಕನ ಪತ್ನಿ ಮತ್ತು ಸೈನ್ಯಪ್ರವೇಶ

ಪತಿಯು ಸೈನ್ಯದಲ್ಲಿರುವಾಗ ಪತ್ನಿಯೂ ಸೈನ್ಯವನ್ನು ಸೇರಬಹುದೆ, ಸೇರಬಹುದಾದರೆ ಯಾವ ಮಾರ್ಗದಿಂದ, ಸೇರಲಾಗದಿದ್ದರೆ ಏತಕ್ಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಒಂದು ಮನೆಯ ಖಾಸಗಿ ವಿಚಾರವೆಂದು ತೋರಬಹುದು. ವಿಚಾರಿಸಿ ನೋಡಿದರೆ ಅದರೊಳಗೆ ಶಾಸನದ ಪ್ರಶ್ನೆಯೂ ನಮ್ಮ ವಿವಾಹಪದ್ಧತಿಯ ಪ್ರಶ್ನೆಯೂ ಹೆಣೆದುಕೊಂಡಿರುವುದು ಕಂಡುಬರುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಪದವಿ ತರಗತಿಯಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಗೆ ಸೈನಿಕನೊಡನೆ ವಿವಾಹ ನಿಶ್ಚಯವಾಯಿತೆಂದು ಭಾವಿಸೋಣ. ಅವಳಿಗೂ ಸಮವಸ್ತ್ರ ಧರಿಸುವ ಇಚ್ಛೆಯಿದ್ದ ಪಕ್ಷದಲ್ಲಿ, ತಾಳಿ ಮೊದಲೋ ಅರ್ಜಿ ಮೊದಲೋ ಎಂಬುದರ ಮೇಲೆ ಅವಳ ಮುಂದಿನ ಜೀವನವೇ ನಿಂತಿರುತ್ತದೆ. ಈ ಸಂಗತಿಯನ್ನು ಅವಳಿಗೆ ತಿಳಿಸಬಲ್ಲವರು ಬಹುಮಟ್ಟಿಗೆ ಅವಳ ಅಧ್ಯಾಪಕರೇ ಆಗಿರುವುದರಿಂದ ಪ್ರಕೃತ ಲೇಖನದಲ್ಲಿ ಅದನ್ನು ತುಸು ವಿವರವಾಗಿ ಪರಿಶೀಲಿಸಲಾಗಿದೆ.

ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸಿದರೂ ಅವು ಒಂದೇ ಬಗೆಯವಲ್ಲ. ಚನ್ನಗಿರಿ ಭದ್ರಾ ಕಾಲುವೆಯ ಮತ್ತು ಸೂಳೆಕೆರೆಯ ನೀರುಂಡ ಅಡಕೆ ತೋಟಗಳ ನಾಡು. ಹೊನ್ನಾಳಿಯೂ, ಕೆಲವು ವರ್ಷಗಳ ಹಿಂದಿನವರೆಗೆ ಅದರ ಭಾಗವೇ ಆಗಿದ್ದ ನ್ಯಾಮತಿಯೂ ತುಂಗಭದ್ರೆಯ ಬದಿಯವು. ಜಗಳೂರಾದರೋ ಮಳೆಯನ್ನು ನಂಬಿದ ಬಯಲುಸೀಮೆ. ತೋಟವಿದ್ದ ಮನೆಯಲ್ಲಿ ಗಂಡ ಗಡಿಗೆ ಹೋದರೆ ಆಳುಕಾಳು, ಕೊಯ್ಲು, ಸಾಲದ ಕಂತು, ಅತ್ತೆಮಾವಂದಿರ ಆರೈಕೆ ಎಲ್ಲವೂ ಹೆಂಡತಿಯ ತಲೆಯ ಮೇಲೆ ಬೀಳುತ್ತವೆ. ಅವಳೂ ಹೊರಟರೆ ತೋಟ ಯಾರ ಕೈಗೆ ಎಂಬುದು ಅಲ್ಲಿಯ ಮೊದಲನೆಯ ಪ್ರಶ್ನೆ. ಬರಗಾಲ ಕಂಡ ಜಗಳೂರಿನ ಮನೆಗಾದರೆ ತಿಂಗಳು ತಿಂಗಳು ಬರುವ ಸಂಬಳ ಹೊಲದ ಫಸಲಿಗಿಂತ ನಂಬಿಕೆಗೆ ಅರ್ಹವಾದುದು. ಎರಡು ಸಂಬಳವಾದರೆ ಇನ್ನೂ ಮೇಲು. ಆದುದರಿಂದ ಒಂದೇ ನಿಯಮವು ಈ ಎರಡು ಮನೆಗಳಲ್ಲಿ ಒಂದೇ ರೀತಿಯ ಪರಿಣಾಮವನ್ನುಂಟುಮಾಡುವುದಿಲ್ಲ.

ಶಸ್ತ್ರವೃತ್ತಿ ಈ ಸೀಮೆಗೆ ಹೊಸದಲ್ಲ. 1800ರಲ್ಲಿ ವೆಲ್ಲೆಸ್ಲಿಯ ಸೈನ್ಯದೊಡನೆ ಹೋರಾಡಿ ಮಡಿದ ಧೋಂಡಿಯ ವಾಘ್ ಚನ್ನಗಿರಿಯವನು. ಅದಕ್ಕೂ ಹಿಂದೆ ಹೋದರೆ ವೀರಗಲ್ಲುಗಳೂ ಮಹಾಸತಿಕಲ್ಲುಗಳೂ ನಮಗೆ ಸಾಕ್ಷ್ಯ ನುಡಿಯುತ್ತವೆ. ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿಯೂ, ಜಗಳೂರಿನವು 11ನೆಯ ಸಂಪುಟದಲ್ಲಿಯೂ ಸೇರಿವೆ. ವೀರಗಲ್ಲು ಕಾದಿ ಮಡಿದ ಗಂಡನದು. ಮಹಾಸತಿಕಲ್ಲು ಅವನ ಹಿಂದೆ ಅಗ್ನಿಯನ್ನು ಹೊಕ್ಕ ಹೆಂಡತಿಯದು. ಯೋಧನ ಹೆಂಡತಿಗೆ ಶಿಲ್ಪಿ ಮೀಸಲಿಟ್ಟ ಸ್ಥಾನ ಬಹುತೇಕ ಇಷ್ಟೇ. ಆದರೆ ಇದಕ್ಕೆ ಹೊರತಾದ ಎರಡು ಶಾಸನಗಳು ಪ್ರಕೃತ ವಿಷಯಕ್ಕೆ ಅತ್ಯಂತ ಉಪಯುಕ್ತವಾಗಿವೆ.

ಮೊದಲನೆಯದು ಶ್ರವಣಬೆಳಗೊಳದ ಒಂದು ವೀರಗಲ್ಲು, ಸುಮಾರು 10ನೆಯ ಶತಮಾನದ್ದು. ಸಾವಿಯಬ್ಬೆಯೆಂಬಾಕೆ ತನ್ನ ಪತಿ ಲೋಕವಿದ್ಯಾಧರನ ಸಂಗಡ ಬಗೆಯೂರಿನ ಕಾಳಗಕ್ಕೆ ಹೋಗಿ ಅಲ್ಲಿ ಕಾದಿ ಮಡಿದುದನ್ನು ಅದು ತಿಳಿಸುತ್ತದೆ. ಕುದುರೆಯೇರಿ ಕತ್ತಿಯೆತ್ತಿದ ಹೆಂಗಸು ಆನೆಯ ಮೇಲಿನ ಶತ್ರುವನ್ನು ಇದಿರಿಸುತ್ತಿರುವ ಚಿತ್ರ ಅದರಲ್ಲಿ ಕೆತ್ತಲ್ಪಟ್ಟಿದೆ. ಎರಡನೆಯದು ಹೊನ್ನಾಳಿ ಸೀಮೆಗೆ ನೆರೆಯಾದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯದು. ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದಲ್ಲಿ, ಸುಮಾರು 911ರಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು ಆ ಅಧಿಕಾರವನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಹೆಣ್ಣಾದರೂ ಆಡಳಿತದಲ್ಲಿ ಸಮರ್ಥೆಯಾಗಿದ್ದಳೆಂದು ಶಾಸನ ಹೊಗಳುತ್ತದೆ. ಒಬ್ಬಳು ಗಂಡನ ಸಂಗಡ ನಡೆದವಳು, ಇನ್ನೊಬ್ಬಳು ಗಂಡನ ತರುವಾಯ ಅವನ ಹೊಣೆಯನ್ನು ಹೊತ್ತವಳು. ಜಕ್ಕಿಯಬ್ಬೆ ಯೋಧಳಲ್ಲ, ನಾಡಿನ ಅಧಿಕಾರಿ, ಎಂಬ ಭೇದ ಇದ್ದೇ ಇದೆ. ಆದರೂ ಇಂದಿನ ಸೈನ್ಯಪ್ರವೇಶದ ನಿಯಮಗಳು ಯಾರ ದಾರಿಯನ್ನು ಒಪ್ಪಿವೆ, ಯಾರ ದಾರಿಯನ್ನು ಒಪ್ಪಿಲ್ಲ ಎಂಬುದನ್ನು ತಿಳಿಯಲು ಈ ಹೋಲಿಕೆ ನೆರವಾಗುತ್ತದೆ.

1950ರ ಸೈನ್ಯ ಅಧಿನಿಯಮದ 12ನೆಯ ಪ್ರಕರಣದ ಮೇರೆಗೆ, ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಿದ ವಿಭಾಗಗಳ ಹೊರತು ಬೇರೆಲ್ಲಿಯೂ ಸ್ತ್ರೀಯರು ಖಾಯಂ ಸೈನ್ಯಕ್ಕೆ ಸೇರಲು ಅರ್ಹರಲ್ಲ. ವೈದ್ಯಕೀಯ ಮತ್ತು ಶುಶ್ರೂಷಾ ವಿಭಾಗಗಳನ್ನು ಬಿಟ್ಟರೆ ಬಹುಕಾಲ ಈ ಬಾಗಿಲು ಮುಚ್ಚಿಯೇ ಇತ್ತು. 1992ರ ಜನವರಿ 30ರ ಅಧಿಸೂಚನೆಯಿಂದ ಅಂಚೆ, ಕಾನೂನು, ಶಿಕ್ಷಣ ಮುಂತಾದ ಕೆಲವು ವಿಭಾಗಗಳಿಗೆ ಸ್ತ್ರೀಯರು ಅಧಿಕಾರಿಗಳಾಗಿ ಬರತೊಡಗಿದರು. ಸಿಪಾಯಿಗಳ ದರ್ಜೆಯಲ್ಲಿ ಅವರು ಸೈನ್ಯವನ್ನು ಪ್ರವೇಶಿಸಿದುದು ಇತ್ತೀಚೆಗೆ: ಸೇನಾ ಪೊಲೀಸಿನ 83 ಮಂದಿ ಸ್ತ್ರೀಯರ ಮೊದಲ ತಂಡ ಬೆಂಗಳೂರಿನ ತರಬೇತಿ ಕೇಂದ್ರದಿಂದ ಹೊರಬಂದುದು 2021ರ ಮೇ ತಿಂಗಳಲ್ಲಿ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿಯೂ ಹೆಣ್ಣುಮಕ್ಕಳಿಗೆ ಅವಕಾಶವುಂಟು. ವಾಯುದಳದ ಮಹಿಳಾ ಅಗ್ನಿವೀರರಿಗೆ ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ನಡೆದಿದೆ.

ಬಾಗಿಲೇನೋ ತೆರೆಯಿತು. ಆದರೆ ಹೊಸ್ತಿಲಿನಲ್ಲಿ ಒಂದು ಷರತ್ತು ಉಳಿದಿದೆ. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ಬರುವ ಸ್ತ್ರೀಯು ಅವಿವಾಹಿತೆಯಾಗಿರಬೇಕು. ಇಲ್ಲವೆ ಮಕ್ಕಳಿಲ್ಲದ, ಮರುಮದುವೆಯಾಗದ ವಿಧವೆಯೋ ವಿಚ್ಛೇದಿತೆಯೋ ಆಗಿರಬೇಕು. ತರಬೇತಿ ಮುಗಿಯುವವರೆಗೂ ಮದುವೆಯಾಗಕೂಡದು. ಆದರೆ ತರಬೇತಿಯಿಂದ ತೆಗೆದುಹಾಕುವುದಲ್ಲದೆ ಖರ್ಚನ್ನೂ ವಸೂಲು ಮಾಡುತ್ತಾರೆ. ಅಗ್ನಿವೀರರ ವಿಷಯದಲ್ಲಿ ಈ ನಿರ್ಬಂಧ ನಾಲ್ಕು ವರ್ಷಗಳ ಸೇವಾವಧಿಯುದ್ದಕ್ಕೂ ಇದೆ. ಗಂಡನನ್ನು ಬಿಟ್ಟವಳು ಬರಬಹುದು, ಗಂಡನನ್ನು ಕಳೆದುಕೊಂಡವಳು ಬರಬಹುದು, ಗಂಡನೊಡನೆ ಬಾಳುತ್ತಿರುವವಳು ಬರಕೂಡದು ಎಂಬುದು ಇದರ ತಾತ್ಪರ್ಯ. ಆ ಗಂಡ ಸೈನ್ಯದಲ್ಲಿಯೇ ಇದ್ದರೂ ಫಲ ಬೇರೆಯಾಗದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅವಿವಾಹಿತರಾಗಿರಬೇಕೆಂಬ ನಿಯಮ ಗಂಡಸರಿಗೂ ಉಂಟಲ್ಲವೆ, ಇದರಲ್ಲಿ ತಾರತಮ್ಯವೆಲ್ಲಿ ಎಂದು ಕೇಳಬಹುದು. ಅಕ್ಷರಶಃ ನೋಡಿದರೆ ಈ ಮಾತು ಸರಿಯೆ. ಆದರೆ ನಮ್ಮ ಹಳ್ಳಿಗಳಲ್ಲಿ ಗಂಡು ಮೊದಲು ಸೈನ್ಯ ಸೇರುತ್ತಾನೆ, ಅನಂತರ ಹೆಣ್ಣು ನೋಡುತ್ತಾನೆ. ಸರ್ಕಾರಿ ನೌಕರಿಯೇ ಅವನಿಗೆ ಹೆಣ್ಣು ಸಿಗಲು ಆಧಾರ. ವರನಿಗಿಂತ ವಧು ಚಿಕ್ಕವಳಾಗಿರುವುದು ವಾಡಿಕೆ. ಶಾಸನವೇ ಹೆಣ್ಣಿಗೆ 18, ಗಂಡಿಗೆ 21 ವರ್ಷಗಳ ಕನಿಷ್ಠ ವಯಸ್ಸನ್ನು ವಿಧಿಸಿದೆ. ಹೀಗಾಗಿ ಗಂಡಿನ ಪಾಲಿಗೆ ಈ ಷರತ್ತು ದಾಟಿ ಬಂದ ಹಳೆಯ ಮೈಲಿಗಲ್ಲು. ಹೆಣ್ಣಿನ ಪಾಲಿಗೆ ಅದು ಪದವಿಯ ಮೂರು ವರ್ಷಗಳ ನಡುವೆಯೇ ಎದುರಾಗುವ ಗೋಡೆ. ನಿಯಮ ಒಂದೇ ಆದರೂ ಎರಡು ಜೀವನಕ್ರಮಗಳನ್ನು ಅದು ಮುಟ್ಟುವ ಜಾಗ ಬೇರೆ ಬೇರೆ. ಸೈನಿಕನ ಪತ್ನಿಯೊಬ್ಬಳು ಸೈನ್ಯಪ್ರವೇಶವನ್ನು ಯೋಚಿಸುವ ಹೊತ್ತಿಗೆ ಬಹುಮಟ್ಟಿಗೆ ಕಾಲ ಮೀರಿರುವುದಕ್ಕೆ ಕಾರಣ ಇದು.

ಪತಿಯು ಸೇವೆಯಲ್ಲಿರುವಾಗಲೇ ಮರಣ ಹೊಂದಿದರೆ ನಿಯಮದ ಧೋರಣೆ ತಟ್ಟನೆ ಬದಲಾಗುತ್ತದೆ. ಅಂಥ ಸೈನಿಕನ ವಿಧವೆಗೆ ಷಾರ್ಟ್ ಸರ್ವೀಸ್ ಕಮಿಷನ್‌ನಲ್ಲಿ ಪ್ರತ್ಯೇಕ ಅವಕಾಶವಿದೆ. ವಯೋಮಿತಿಯನ್ನು 35 ವರ್ಷಗಳವರೆಗೆ ಸಡಿಲಿಸಲಾಗಿದೆ. ಕರ್ನಲ್ ಸಂತೋಷ್ ಮಹಾಡಿಕ್ ಅವರು 2015ರ ನವೆಂಬರ್‌ನಲ್ಲಿ ಕುಪ್ವಾರಾದಲ್ಲಿ ವೀರಮರಣವನ್ನಪ್ಪಿದ ಮೇಲೆ ಅವರ ಪತ್ನಿ ಸ್ವಾತಿ ಮಹಾಡಿಕ್ ಅವರು ಇನ್ನೂ ಹೆಚ್ಚಿನ ವಿನಾಯಿತಿ ಪಡೆದು 2017ರ ಸೆಪ್ಟೆಂಬರ್‌ನಲ್ಲಿ ಅಧಿಕಾರಿಯಾದರು. ಅವರು ಇಬ್ಬರು ಮಕ್ಕಳ ತಾಯಿ. ಪುಲ್ವಾಮಾದಲ್ಲಿ 2019ರಲ್ಲಿ ಮಡಿದ ಮೇಜರ್ ವಿಭೂತಿಶಂಕರ್ ಧೌಂಡಿಯಾಲ್ ಅವರ ಪತ್ನಿ ನಿಕಿತಾ ಕೌಲ್ ಅವರು 2021ರಲ್ಲಿ ಅದೇ ದಾರಿಯಲ್ಲಿ ಬಂದರು. ಇವರ ಧೈರ್ಯ ನಿಸ್ಸಂದೇಹವಾಗಿ ವಂದನೀಯ. ಆದರೆ ನಿಯಮವನ್ನು ಕುರಿತು ಒಂದು ಮಾತು ಹೇಳಲೇಬೇಕು. ಮಕ್ಕಳ ತಾಯಿಯಾಗಿಯೂ, ವಯಸ್ಸು ಮೂವತ್ತು ದಾಟಿಯೂ ಒಬ್ಬ ಸ್ತ್ರೀ ತರಬೇತಿಯನ್ನು ಪೂರೈಸಬಲ್ಲಳೆಂದು ಸೈನ್ಯವೇ ಈ ಮೂಲಕ ಒಪ್ಪಿಕೊಂಡಂತಾಯಿತು. ಹಾಗಾದರೆ ಪತಿ ಬದುಕಿರುವಾಗ ಅದೇ ಸ್ತ್ರೀಯ ಸಾಮರ್ಥ್ಯದಲ್ಲಿ ಆಗುವ ಕೊರತೆಯಾದರೂ ಏನು? ಜಕ್ಕಿಯಬ್ಬೆಗೆ ದೊರೆತ ಮನ್ನಣೆ ಸಾವಿಯಬ್ಬೆಗೆ ಇನ್ನೂ ದೊರೆತಿಲ್ಲ.

ನ್ಯಾಯಾಲಯಗಳ ಮುಂದೆ ಈ ವಿಷಯ ಬೇರೆ ರೂಪದಲ್ಲಿ ಬಂದಿದೆ. ಸೈನ್ಯದ ಶುಶ್ರೂಷಾ ಸೇವೆಯಲ್ಲಿ ಲೆಫ್ಟಿನೆಂಟ್ ಆಗಿದ್ದ ಸೆಲೀನಾ ಜಾನ್ ಅವರು ಒಬ್ಬ ಸೈನ್ಯಾಧಿಕಾರಿಯನ್ನು ವಿವಾಹವಾದರು. 1977ರ ಸೈನ್ಯಾದೇಶವೊಂದರ ಪ್ರಕಾರ ವಿವಾಹವೇ ಸೇವಾವಿಮುಕ್ತಿಗೆ ಕಾರಣವಾಗಬಹುದಾಗಿದ್ದುದರಿಂದ 1988ರಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ವಿವಾಹವಾದುದಕ್ಕಾಗಿ ಪತಿಯ ಕೆಲಸಕ್ಕೆ ಯಾವ ಭಂಗವೂ ಬರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಆದೇಶವನ್ನು 1995ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅವರಿಗೆ ಅಂತಿಮ ನ್ಯಾಯ ದೊರೆತುದು 2024ರ ಫೆಬ್ರವರಿಯಲ್ಲಿ. ಆ ನಿಯಮ ಲಿಂಗಭೇದದ ಢಾಳಾದ ನಿದರ್ಶನವೆಂದು ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿ 60 ಲಕ್ಷ ರೂಪಾಯಿಗಳ ಪರಿಹಾರ ವಿಧಿಸಿತು. ಇದಕ್ಕೆ ಮುನ್ನ, ಸ್ತ್ರೀ ಅಧಿಕಾರಿಗಳ ಕಾಯಂ ಕಮಿಷನ್‌ಗೆ ಸಂಬಂಧಿಸಿದ ಬಬಿತಾ ಪೂನಿಯಾ ಮೊಕದ್ದಮೆಯಲ್ಲಿ, ಗರ್ಭಧಾರಣೆ ಮತ್ತು ಸಂಸಾರದ ಹೊಣೆಗಳಿಂದ ಸ್ತ್ರೀಯರಿಗೆ ಸೈನ್ಯಜೀವನ ಕಷ್ಟವಾಗುತ್ತದೆಂದೂ, ಪತಿ ಪತ್ನಿಯರಿಬ್ಬರೂ ಸೇನಾಧಿಕಾರಿಗಳಾದಾಗ ಅದು ವಿಶೇಷವಾಗಿ ಕಷ್ಟವೆಂದೂ ಕೇಂದ್ರ ಸರ್ಕಾರ ವಾದಿಸಿತ್ತು. ಮನೆಯ ಹೊಣೆ ಹೆಣ್ಣೊಬ್ಬಳದೇ ಎಂಬ ಊಹೆಯ ಮೇಲೆ ನಿಂತ ಈ ವಾದವನ್ನು ನ್ಯಾಯಾಲಯ 2020ರ ಫೆಬ್ರವರಿ 17ರ ತೀರ್ಪಿನಲ್ಲಿ ತಳ್ಳಿಹಾಕಿತು. ಈ ತೀರ್ಪುಗಳು ಒಳಗಿರುವವರನ್ನು ಕುರಿತವು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಹೊಸ್ತಿಲ ಹೊರಗೆ ನಿಂತ ವಿವಾಹಿತೆಯ ಸ್ಥಿತಿ ಅವುಗಳಿಂದ ಬದಲಾಗಿಲ್ಲ.

ಹಾಗೆಂದು ಎಲ್ಲ ದಾರಿಗಳೂ ಮುಚ್ಚಿವೆಯೆಂದಲ್ಲ. ವೈದ್ಯ ಪದವೀಧರೆಯು ವಿವಾಹಿತೆಯಾಗಿದ್ದರೂ ಸೈನ್ಯದ ವೈದ್ಯದಳಕ್ಕೆ ಅರ್ಜಿ ಹಾಕಬಹುದು. 1948ರ ಅಧಿನಿಯಮದಿಂದ ರೂಪುಗೊಂಡ ಪ್ರಾದೇಶಿಕ ಸೇನೆಗೆ ಸ್ತ್ರೀಯರೂ ಅರ್ಹರೆಂದು ದೆಹಲಿ ಉಚ್ಚ ನ್ಯಾಯಾಲಯ 2018ರ ಜನವರಿಯಲ್ಲಿ ತೀರ್ಪಿತ್ತಿದೆ. ಅಲ್ಲಿ ಬೇಕಾದುದು ಪದವಿ ಮತ್ತು ಬೇರೊಂದು ಜೀವನೋಪಾಯ. ವಯೋಮಿತಿ 42ರವರೆಗೆ ಇದೆ. ವಾಯುದಳದ ನೆಲಸೇವೆಯ ಅಧಿಕಾರಿ ಹುದ್ದೆಗಳಲ್ಲಿ ಅವಿವಾಹಿತರಾಗಿರಬೇಕೆಂಬ ಷರತ್ತು 25 ತುಂಬದವರಿಗೆ ಮಾತ್ರ. ಕೇಂದ್ರ ಮೀಸಲು ಪೊಲೀಸ್ ಪಡೆ, ಗಡಿ ಭದ್ರತಾ ಪಡೆ ಮೊದಲಾದವನ್ನು ನಮ್ಮ ಜನ ಮಿಲಿಟರಿ ಎಂದೇ ಕರೆಯುವುದುಂಟು. ಅವು ಗೃಹ ಮಂತ್ರಾಲಯಕ್ಕೆ ಸೇರಿದವು; ಅಲ್ಲಿ ವಿವಾಹ ಅಡ್ಡಿಯಲ್ಲ.

ನರ್ಸಿಂಗ್ ಓದಿದವಳ ವಿಷಯ ಸ್ವಲ್ಪ ಸ್ವಾರಸ್ಯವಾಗಿದೆ. ಶುಶ್ರೂಷಾ ಸೇವೆಗೆ ಆಯ್ಕೆಯಾದವಳು ಲೆಫ್ಟಿನೆಂಟ್ ದರ್ಜೆಯಿಂದಲೇ ಆರಂಭಿಸುತ್ತಾಳೆ. ಹೊನ್ನಾಳಿಯ ಹವಲ್ದಾರನೊಬ್ಬನ ಪತ್ನಿ ಈ ಸೇವೆಗೆ ಬಂದಳೆಂದು ಭಾವಿಸಿದರೆ ಹೆಂಡತಿ ಅಧಿಕಾರಿ, ಗಂಡ ಅಧಿಕಾರಿಯಲ್ಲದವನು. ಸೈನ್ಯದಲ್ಲಿ ಅಧಿಕಾರಿಗಳ ವಸತಿಯೇ ಬೇರೆ, ಭೋಜನಶಾಲೆಯೇ ಬೇರೆ. ಮನೆಯೊಳಗಿನ ಮೇಲುಕೀಳೂ ಸೈನ್ಯದ ಮೇಲುಕೀಳೂ ತಲೆಕೆಳಗಾಗಿ ಒಂದೇ ಸೂರಿನಡಿ ಸೇರುವ ಈ ಸಂದರ್ಭವನ್ನು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಅಧ್ಯಯನಕ್ಕೆ ಆರಿಸಿಕೊಳ್ಳಬಹುದು.

ಮೊದಲು ಸೇರಿ ಅನಂತರ ಮದುವೆಯಾಗುವ ಕ್ರಮವೇ ಸದ್ಯಕ್ಕೆ ಸುಗಮವಾದುದು. ಅಧಿಕಾರಿಗಳ ತರಬೇತಿ ಸುಮಾರು ಒಂದು ವರ್ಷದ್ದು; ಅದು ಮುಗಿದ ಮೇಲೆ ಸೈನಿಕನನ್ನು ವರಿಸಲು ಅಡ್ಡಿಯಿಲ್ಲ. ನಿಶ್ಚಿತಾರ್ಥವಾದ ಎರಡು ಮನೆಗಳವರು ಅಷ್ಟು ಕಾಲ ಲಗ್ನವನ್ನು ಮುಂದೂಡಲು ಒಪ್ಪುತ್ತಾರೆಯೇ ಎಂಬುದೇ ತೊಡಕು. ಒಪ್ಪಿದರೂ ದಂಪತಿಗಳಿಗೆ ಒಂದೇ ಠಾಣೆ ಸಿಕ್ಕುವುದು ಸೈನ್ಯದ ಅಗತ್ಯಕ್ಕೆ ಒಳಪಟ್ಟ ಸೌಕರ್ಯವೇ ಹೊರತು ಹಕ್ಕಲ್ಲ. ಒಬ್ಬರು ಗಡಿಯ ಠಾಣೆಯಲ್ಲಿದ್ದಾಗ ಇನ್ನೊಬ್ಬರ ಬಳಿ ಮಗು ಉಳಿಯಬೇಕು. ಇಬ್ಬರೂ ಗಡಿಯಲ್ಲಿದ್ದರೆ ಅದು ಚನ್ನಗಿರಿಯ ಅಜ್ಜಿಯ ಮಡಿಲಿಗೇ ಬರಬೇಕು.

ಹೆರಿಗೆ ಮತ್ತು ಶಿಶುಪಾಲನೆಯ ರಜೆಯ ನಿಯಮಗಳನ್ನು ಅಧಿಕಾರಿಗಳಿಗೆ ಸಮನಾಗಿ ಕೆಳದರ್ಜೆಯ ಸ್ತ್ರೀಯರಿಗೂ ವಿಸ್ತರಿಸಲು 2023ರ ನವೆಂಬರ್‌ನಲ್ಲಿ ರಕ್ಷಣಾ ಸಚಿವರು ಅನುಮೋದನೆ ಕೊಟ್ಟರು. ಅದರ ಪೂರ್ಣ ಪರೀಕ್ಷೆ ಇನ್ನು ಮುಂದೆ ಆಗತಕ್ಕದ್ದು. ಇದುವರೆಗೆ ಇಬ್ಬರೂ ಸೇವೆಯಲ್ಲಿರುವ ದಂಪತಿಗಳೆಂದರೆ ಹೆಚ್ಚಾಗಿ ಅಧಿಕಾರಿಗಳು, ವೈದ್ಯರು, ನರ್ಸುಗಳು. 2022–23ರಲ್ಲಿ ಸೇರಿದ ಅಗ್ನಿವೀರರ ನಾಲ್ಕು ವರ್ಷಗಳು 2026–27ರಲ್ಲಿ ಮುಗಿಯುತ್ತವೆ. ಅವರಲ್ಲಿ ನೂರಕ್ಕೆ 25ರವರೆಗೆ ಖಾಯಂ ಸೇವೆಗೆ ಉಳಿಯಬಹುದು. ಉಳಿದ ಹೆಣ್ಣುಮಕ್ಕಳಿಗೆ ಆಗ ವಿವಾಹದ ನಿರ್ಬಂಧ ತೊಲಗುತ್ತದೆ. ಗಂಡನೂ ಸಿಪಾಯಿ, ಹೆಂಡತಿಯೂ ಸಿಪಾಯಿಯಾಗಿರುವ ಸಂಸಾರಗಳು ನ್ಯಾಮತಿಯ, ಜಗಳೂರಿನ ಹಳ್ಳಿಗಳಿಗೆ ರಜೆಯಲ್ಲಿ ಬರುವುದನ್ನು ನಾವು ಕಾಣಬಹುದಾದುದು ಅಲ್ಲಿಂದ ಮುಂದೆ.