ಚಕ್ಕುಬಂದಿ ಕಳೆದುಕೊಂಡ ಹೊಲ

ಭಾನುವಾರ ರಾತ್ರಿ ಹತ್ತರ ಹೊತ್ತಿಗೆ ಅಕ್ಕನ ಮಗನ ಫೋನು. ದನಿ ಸಣ್ಣಗಾಗಿತ್ತು. "ಮಾವ, ನನ್ನ ಊರು ಹೋಯ್ತು."

ಊರೆಂದರೆ ಮೈನ್‌ಕ್ರಾಫ್ಟ್ ಆಟದೊಳಗೆ ಅವನು ಎರಡು ವರ್ಷದಿಂದ ಕಟ್ಟುತ್ತ ಬಂದದ್ದು. ಮನೆ, ಗದ್ದೆ, ಕೆರೆ, ಕೆರೆಯಾಚೆ ಅರ್ಧ ಎದ್ದ ಕೋಟೆ. ಲ್ಯಾಪ್‌ಟಾಪ್ ನನ್ನದೇ ಹಳೆಯದು, ಅದರಲ್ಲಿದ್ದ ಉಬುಂಟು ಲಿನಕ್ಸ್ ಕೂಡ ನಾನೇ ಹಾಕಿಕೊಟ್ಟದ್ದು. ಡಿಸ್ಕ್ ತುಂಬಿತೆಂಬ ಎಚ್ಚರಿಕೆ ಬಂದಿತ್ತಂತೆ. 'ಓಲ್ಡ್' ಎಂದು ಶುರುವಾಗುವ ಹಳೆಯ ಪ್ರತಿಗಳನ್ನು ಅಳಿಸೋಣವೆಂದು ಟರ್ಮಿನಲ್ ತೆರೆದು ಆರ್‌ಎಂ ಆಜ್ಞೆ ಕೊಟ್ಟಿದ್ದ. ಆ ಪದಕ್ಕೂ ಅದರ ಬೆನ್ನಿಗೆ ಅಂಟಿರಬೇಕಾದ ನಕ್ಷತ್ರ ಚಿಹ್ನೆಗೂ ನಡುವೆ ಒಂದು ಸ್ಪೇಸ್ ಬಿದ್ದುಬಿಟ್ಟಿತ್ತು. ಅಂಟಿಸಿ ಬರೆದರೆ 'ಓಲ್ಡ್ ಎಂದು ಆರಂಭವಾಗುವುದೆಲ್ಲ'. ಬಿಡಿಸಿ ಬರೆದರೆ 'ಓಲ್ಡ್, ಮತ್ತು ಇಲ್ಲಿರುವುದೆಲ್ಲ'. ಯಂತ್ರ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಕಸದ ಬುಟ್ಟಿಯಲ್ಲಿ ಹುಡುಕಿದರೆ ಏನೂ ಇಲ್ಲ. ಮೌಸಿನಿಂದ ಅಳಿಸಿದ್ದು ಬುಟ್ಟಿಗೆ ಹೋಗುತ್ತದೆ, ಆರ್‌ಎಂ ಅಳಿಸಿದ್ದು ಹೋಗುವುದಿಲ್ಲ.

"ಗೇಮ್ ಇನ್ನೂ ಓಪನ್ ಇದೆ. ಕ್ಲೋಸ್ ಮಾಡ್ಲಾ?"

"ಮುಟ್ಟಬೇಡ! ಕೈ ಕಟ್ಕೊಂಡು ಕೂತಿರು, ಬಂದೆ."

ಗಾಡಿ ತೆಗೆದು ಅವರ ಮನೆ ಸೇರುವಷ್ಟರಲ್ಲಿ ಅವನು ನಿಜಕ್ಕೂ ಕೈ ಕಟ್ಟಿಕೊಂಡೇ ಕೂತಿದ್ದ. ಅದೇ ಆ ರಾತ್ರಿ ಯಾರಾದರೂ ಮಾಡಿದ ಅತ್ಯುತ್ತಮ ಕೆಲಸ.

ಫೋಲ್ಡರ್ ಎಂದರೆ ಫೈಲುಗಳನ್ನು ತುಂಬಿಟ್ಟ ಚೀಲ ಅಂದುಕೊಂಡಿರುತ್ತೇವೆ. ಬಿಚ್ಚಿ ನೋಡಿದರೆ ಒಳಗೆ ಸಿಗುವುದು ಒಂದು ಪಟ್ಟಿ ಮಾತ್ರ. ಒಂದು ಕಡೆ ಹೆಸರು, ಇನ್ನೊಂದು ಕಡೆ ಒಂದು ಸಂಖ್ಯೆ. ಪಹಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಸರಿನ ಮುಂದೆ ಸರ್ವೆ ನಂಬರು. ಆ ನಂಬರು ಹಿಡಿದು ಹೋದರೆ ಚಕ್ಕುಬಂದಿ. ಚಕ್ಕುಬಂದಿ ಹಿಡಿದು ಹೋದರೆ ಹೊಲ. ಲಿನಕ್ಸ್‌ನಲ್ಲಿ ಸರ್ವೆ ನಂಬರಿಗೆ ಐನೋಡ್ ಸಂಖ್ಯೆ ಎನ್ನುತ್ತಾರೆ. ಫೈಲು ಎಷ್ಟು ದೊಡ್ಡದು, ಯಾರದು, ಡಿಸ್ಕಿನ ಯಾವ ಯಾವ ತುಂಡುಗಳಲ್ಲಿ ಹರಡಿಕೊಂಡಿದೆ ಎಂಬ ಚಕ್ಕುಬಂದಿಯೆಲ್ಲ ಐನೋಡ್‌ನಲ್ಲಿ ಇರುತ್ತದೆ. ಹೊಲವೆಂದರೆ ಸಾಮಾನ್ಯವಾಗಿ 4,096 ಬೈಟುಗಳ ಪಟ್ಟೆಗಳು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟಿದ ಕಾಲದ ಏರ್ಪಾಡು ಇದು. 1991ರಲ್ಲಿ ಹುಟ್ಟಿದ ಲಿನಕ್ಸ್ ಅದನ್ನೇ ಉಳಿಸಿಕೊಂಡಿತು.

ಆರ್‌ಎಂ ಒಳಗೊಳಗೆ ಮಾಡುವುದು ಪಟ್ಟಿಯಿಂದ ಹೆಸರು ಹೊಡೆದುಹಾಕುವ ಕೆಲಸ. ಅದು ಕರೆಯುವ ಸೌಲಭ್ಯದ ಹೆಸರೇ 'ಅನ್‌ಲಿಂಕ್', ಕೊಂಡಿ ಕಳಚು. ಒಂದೇ ಐನೋಡ್‌ಗೆ ಎರಡು ಮೂರು ಹೆಸರುಗಳಿರಬಹುದು. ಕೊನೆಯ ಹೆಸರೂ ಹೋದಾಗ ಮಾತ್ರ ಜಾಗ ಬಿಡುಗಡೆಯಾಗುತ್ತದೆ. ಅದಕ್ಕೂ ಇನ್ನೊಂದು ಷರತ್ತಿದೆ: ಯಾವ ಪ್ರೋಗ್ರಾಮೂ ಆ ಫೈಲನ್ನು ತೆರೆದು ಹಿಡಿದುಕೊಂಡಿರಬಾರದು. ಪಹಣಿಯಲ್ಲಿ ಹೆಸರು ಹೋದರೂ ಗೇಣಿದಾರ ಹೊಲದಲ್ಲಿ ನೇಗಿಲು ಹಿಡಿದು ನಿಂತಿದ್ದಾನೆ ಎನ್ನಿ, ಅವನು ಎದ್ದು ಹೋಗುವವರೆಗೂ ಹೊಲವನ್ನು ಬೇರೆಯವರಿಗೆ ಕೊಡುವಂತಿಲ್ಲ.

ಇಲ್ಲಿ ಗೇಣಿದಾರ ನಮ್ಮ ಹುಡುಗನ ಆಟ. ಮೈನ್‌ಕ್ರಾಫ್ಟ್ ತನ್ನ ಜಗತ್ತನ್ನು ಹೋಬಳಿಗಳಂತೆ ವಿಂಗಡಿಸಿ ಇಡುತ್ತದೆ. ಒಂದೊಂದು ಹೋಬಳಿಗೆ, ಅಂದರೆ ಆಟದ ಅಳತೆಯಲ್ಲಿ 512 ಇಟ್ಟಿಗೆ ಉದ್ದ 512 ಇಟ್ಟಿಗೆ ಅಗಲದ ನೆಲಕ್ಕೆ, ಒಂದೊಂದು ಫೈಲು. ಆಟಗಾರ ಓಡಾಡಿದ ಕಡೆಯ ಫೈಲುಗಳನ್ನು ಅದು ತೆರೆದೇ ಇಟ್ಟುಕೊಂಡಿರುತ್ತದೆ. ಲಿನಕ್ಸ್‌ನಲ್ಲಿ 'ಪ್ರಾಕ್' ಎಂಬ ಸುಳ್ಳು ಫೋಲ್ಡರ್ ಒಂದಿದೆ. ಡಿಸ್ಕಿನಲ್ಲಿ ಅದು ಎಲ್ಲೂ ಇಲ್ಲ; ಈ ಕ್ಷಣ ಯಾವ ಪ್ರೋಗ್ರಾಮಿನ ಕೈಯಲ್ಲಿ ಏನಿದೆ ಎಂಬುದನ್ನು ಫೈಲಿನ ವೇಷದಲ್ಲಿ ತೋರಿಸುತ್ತದೆ. ಆಟದ ಪ್ರಕ್ರಿಯೆ ಸಂಖ್ಯೆ ಹುಡುಕಿ ಅಲ್ಲಿ ಇಣುಕಿದೆವು. ಒಂದರ ಕೆಳಗೊಂದು ಹೋಬಳಿ ಫೈಲುಗಳು, ಪ್ರತಿಯೊಂದರ ಮುಂದೆ ಕಂಸದಲ್ಲಿ 'ಡಿಲೀಟೆಡ್' ಎಂಬ ಷರಾ. ಸತ್ತವರ ಪಟ್ಟಿಯಂತೆ ಕಂಡರೂ ಎಲ್ಲರೂ ಉಸಿರಾಡುತ್ತಿದ್ದರು. ಒಂದೊಂದನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡೆವು. ಆಟ ಮುಚ್ಚಿದ್ದರೆ ಆ ಕ್ಷಣವೇ ಗೇಣಿದಾರ ಎದ್ದು ಹೋಗುತ್ತಿದ್ದ.

ಮನೆ, ಗದ್ದೆ, ಕೆರೆ ಸಿಕ್ಕವು. ಆ ದಿನ ಅವನು ಕೋಟೆಯ ಕಡೆ ತಲೆ ಹಾಕಿರಲಿಲ್ಲ. ಹಾಗಾಗಿ ಆ ಫೈಲುಗಳನ್ನು ಯಾರೂ ಹಿಡಿದುಕೊಂಡಿರಲಿಲ್ಲ.

ಲ್ಯಾಪ್‌ಟಾಪ್ ಆರಿಸಿದೆವು. ಬಿಡುಗಡೆಯಾದ ಜಾಗ ಬೀಳುಬಿಟ್ಟ ಹೊಲದ ಹಾಗೆ: ಕೊಯ್ಲಾದ ಮೇಲೂ ಕೂಳೆ ನಿಂತಿರುತ್ತದೆ, ಮುಂದಿನ ಉಳುಮೆವರೆಗೆ. ಇವನ ಡಿಸ್ಕ್ ಬೇರೆ ತುಂಬಿತ್ತು. ಹೊಸದಾಗಿ ಏನು ಬಂದರೂ ಈಗ ತೆರವಾದ ಜಾಗದಲ್ಲೇ ಕೂರಬೇಕು. ಬ್ರೌಸರ್ ತೆರೆದರೆ ಅದರ ಚೂರುಪಾರು, ಸುಮ್ಮನೆ ಬಿಟ್ಟರೆ ವ್ಯವಸ್ಥೆಯ ದಿನಚರಿ, ಎಲ್ಲವೂ ಉಳುಮೆಯೇ. ಮರಳಿ ಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಿಕೊಳ್ಳುವವರಿದ್ದಾರೆ. ಕಳೆದ ಉಂಗುರ ಹುಡುಕಲು ಹೊಲಕ್ಕೆ ಟ್ರ್ಯಾಕ್ಟರ್ ಬಿಟ್ಟ ಹಾಗೆ. ನಾವು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಎಬ್ಬಿಸಿ, ಡಿಸ್ಕಿನ ಪೂರ್ತಿ ಪಡಿಯಚ್ಚನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಮುಂದಿನ ಹುಡುಕಾಟವನ್ನೆಲ್ಲ ಆ ಪಡಿಯಚ್ಚಿನ ಮೇಲೆ ಮಾಡಿದೆವು.

1993ರ ಹೊತ್ತಿಗೆ ಬಂದ ಎಕ್ಸ್‌ಟಿ2 ಎಂಬ ಕಡತ ವ್ಯವಸ್ಥೆಯ ಕಾಲವಾಗಿದ್ದರೆ ಇಷ್ಟು ಪಾಡಿರಲಿಲ್ಲ. ಅದು ಹೆಸರು ಹೊಡೆದರೂ ಐನೋಡ್‌ನ ಚಕ್ಕುಬಂದಿಯನ್ನು ಹಾಗೇ ಬಿಡುತ್ತಿತ್ತು. ಹುಡುಕಿ ಹೊಲಕ್ಕೆ ನಡೆಯಬಹುದಿತ್ತು. 2001ರಲ್ಲಿ ಲಿನಕ್ಸ್‌ಗೆ ಸೇರಿದ ಎಕ್ಸ್‌ಟಿ3 ಅಳಿಸುವಾಗ ಚಕ್ಕುಬಂದಿಗೂ ಸೊನ್ನೆ ಬರೆಯತೊಡಗಿತು. ಹಟಕ್ಕೆ ಮಾಡಿದ್ದಲ್ಲ. ಅಳಿಸುತ್ತಿರುವಾಗ ನಡುವೆ ಕರೆಂಟು ಹೋದರೆ, ಮತ್ತೆ ಎದ್ದಾಗ ಅರ್ಧಕ್ಕೆ ನಿಂತ ಕೆಲಸವನ್ನು ಗೊಂದಲವಿಲ್ಲದೆ ಮುಗಿಸಬೇಕಲ್ಲ, ಅದಕ್ಕಾಗಿ. ಇವತ್ತು ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿರುವ ಎಕ್ಸ್‌ಟಿ4 ಕೂಡ ಅದೇ ಹಾದಿಯದು. ಕರೆಂಟು ಹೋದಾಗ ಕಾಯುವ ಗುಣವೇ ಕೈತಪ್ಪಿದಾಗ ಕಾಡುತ್ತದೆ. ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ಜರ್ನಲ್ ಎಂಬ ರೋಜು ಪುಸ್ತಕದಲ್ಲಿ ಹಳೆಯ ಚಕ್ಕುಬಂದಿಯ ನಕಲು ಉಳಿದಿರಬಹುದು. ಎಕ್ಸ್‌ಟಂಡಿಲೀಟ್, ಎಕ್ಸ್‌ಟಿ4ಮ್ಯಾಜಿಕ್ ಎಂಬ ಸಾಧನಗಳು ಅದನ್ನೇ ಕೆದಕುತ್ತವೆ. ಆದರೆ ಆ ಪುಸ್ತಕ ತುಂಬಿದೊಡನೆ ಮೊದಲ ಹಾಳೆಯಿಂದ ಮತ್ತೆ ಬರೆಯಲಾಗುತ್ತದೆ. ನಮಗೆ ಅಲ್ಲಿ ಸಿಕ್ಕಿದ್ದು ಒಂದೆರಡು ಪುಡಿ ಫೈಲು.

ಇಷ್ಟಾದರೂ ಸಿಗಬಹುದೆಂಬ ಆಸೆ ಉಳಿದಿದ್ದು ಲ್ಯಾಪ್‌ಟಾಪ್ ಹಳೆಯದೆಂಬ ಕಾರಣಕ್ಕೆ. ಅದರಲ್ಲಿದ್ದದ್ದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ಈಗಿನ ಎಸ್‌ಎಸ್‌ಡಿ ಆಗಿದ್ದರೆ ಕಥೆಯೇ ಬೇರೆ. ಎಸ್‌ಎಸ್‌ಡಿಯ ಚಿಪ್ಪಿನಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ, ಮೊದಲು ಒರೆಸಬೇಕು. ಒರೆಸುವ ಕೆಲಸ ನಿಧಾನ. ಹಾಗಾಗಿ 'ಇವಿಷ್ಟು ಜಾಗ ಬೇಡ' ಎಂದು ವ್ಯವಸ್ಥೆ ಆಗಾಗ ಅದಕ್ಕೆ ತಿಳಿಸುತ್ತದೆ. ಟ್ರಿಮ್ ಎನ್ನುತ್ತಾರೆ. ತಿಳಿಸಿದ ಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆ. ಉಬುಂಟುವಿನಲ್ಲಿ ಇದು ವಾರಕ್ಕೊಮ್ಮೆ ತಾನಾಗಿ ನಡೆಯುತ್ತದೆ, ಮತ್ತು ಅದರ ವಾರ ಶುರುವಾಗುವುದು ಸೋಮವಾರ ಮಧ್ಯರಾತ್ರಿಗೆ. ನಾವಿದ್ದದ್ದು ಭಾನುವಾರ ರಾತ್ರಿ.

ಹೆಸರಿಲ್ಲ, ನಂಬರಿಲ್ಲ, ಚಕ್ಕುಬಂದಿಯಿಲ್ಲ. ಇನ್ನುಳಿದದ್ದು ಕೂಳೆ ನೋಡಿ ಬೆಳೆ ಗುರುತಿಸುವ ವಿದ್ಯೆ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಮಾಡುವುದು ಅದನ್ನೇ. ಜೆಪೆಗ್ ಚಿತ್ರವೆಂದರೆ ಅದರ ಮೊದಲ ಮೂರು ಬೈಟುಗಳು 255, 216, 255. ಜಿಜಿಪ್ ಕಟ್ಟು ಎಂದರೆ 31, 139. ಡಿಸ್ಕಿನ ಪ್ರತಿ ಪಟ್ಟೆಯ ತಲೆಯಲ್ಲಿ ಇಂಥ ಗುರುತು ಹುಡುಕಿ, ಕಂಡಲ್ಲಿಂದ ಕತ್ತರಿಸಿ ತೆಗೆಯುತ್ತದೆ. ಹೆಸರು ಮಾತ್ರ ವಾಪಸು ಬರುವುದಿಲ್ಲ. ಬೆಳಗಿನ ಹೊತ್ತಿಗೆ ನಮ್ಮ ಮುಂದೆ ಸಾವಿರಗಟ್ಟಲೆ ಅನಾಮಧೇಯ ಫೈಲುಗಳ ಗುಡ್ಡೆ. ಯಾವುದೋ ಮದುವೆಯ ಫೋಟೋ, ನನ್ನದೇ ಹಳೆಯ ಕರೆಂಟು ಬಿಲ್ಲು. ಜಿಜಿಪ್ ರಾಶಿಯಲ್ಲಿ ಕೈಯಾಡಿಸಿದಾಗ ಆಟದ 'ಲೆವೆಲ್' ಫೈಲು ಸಿಕ್ಕಿತು. ಅದು ಊರಿನ ಜಾತಕ, ಕೆಲವೇ ಕಿಲೋಬೈಟು.

ಹೋಬಳಿ ಫೈಲಿಗೆ ತಲೆಯಲ್ಲಿ ಅಂಥ ಗುರುತಿಲ್ಲ, ನೇರವಾಗಿ ಕೋಷ್ಟಕದಿಂದಲೇ ಶುರು. ಆದರೆ ಅದರೊಳಗಿನ ಒಂದೊಂದು ತಾಕು, ಅಂದರೆ 16ಕ್ಕೆ 16 ಇಟ್ಟಿಗೆಯ ನೆಲ, ಸರಿಯಾಗಿ 4,096 ಬೈಟುಗಳ ಗಡಿಯಲ್ಲೇ ಆರಂಭವಾಗುತ್ತದೆ. ಡಿಸ್ಕಿನ ಪಟ್ಟೆಯೂ 4,096. ಎರಡೂ ಬದು ತಾಳೆಯಾಗುತ್ತವೆ! ಪ್ರತಿ ತಾಕಿನ ಆರಂಭದಲ್ಲಿ ಉದ್ದ ಹೇಳುವ ನಾಲ್ಕು ಬೈಟು, ಆಮೇಲೆ 2 ಎಂಬ ಅಂಕೆ, ಆಮೇಲೆ 120, 156. ಈ ಸಾಲು ಹುಡುಕುವ ಇಪ್ಪತ್ತು ಮೂವತ್ತು ಸಾಲಿನ ಪ್ರೋಗ್ರಾಮ್ ಬರೆದು ಓಡಿಸಿದೆವು. ಸಿಕ್ಕ ಕಟ್ಟು ಬಿಚ್ಚಿದರೆ ಒಳಗೇ ಬರೆದಿರುತ್ತದೆ, ತಾನು ಜಗತ್ತಿನ ಯಾವ ಮೂಲೆಯವನು ಎಂದು. ಕಚೇರಿಯ ದಾಖಲೆ ಸುಟ್ಟರೇನು, ಪ್ರತಿ ಕಲ್ಲಿನ ಮೇಲೂ ಅದರ ವಿಳಾಸ ಕೆತ್ತಿದ್ದರೆ? ಒಂದೇ ತಾಕಿನ ಎರಡು ಮೂರು ವಯಸ್ಸಿನ ಪ್ರತಿಗಳೂ ಸಿಕ್ಕವು. ಕೊನೆಯದಾಗಿ ಬದಲಾದದ್ದನ್ನು ಇಟ್ಟುಕೊಂಡೆವು.

ಅವನು ಸ್ಪೇಸ್ ಕೀಲಿಯನ್ನು ಶಪಿಸುತ್ತಿದ್ದ. ದೊಡ್ಡವರೂ ಎಡವಿದ ಜಾಗವೇ ಅದು ಎಂದೆ. 2015ರ ಜನವರಿಯಲ್ಲಿ ಸ್ಟೀಮ್ ಎಂಬ ಆಟಗಳ ಅಂಗಡಿಯ ಲಿನಕ್ಸ್ ಆವೃತ್ತಿಯಲ್ಲಿ ಒಂದು ದೋಷ ಬಯಲಾಯಿತು. 'ಸ್ಟೀಮ್ ಇರುವ ಫೋಲ್ಡರಿನದ್ದೆಲ್ಲ ಅಳಿಸು' ಎಂಬ ಸಾಲಿನಲ್ಲಿ ಆ ಫೋಲ್ಡರಿನ ಹೆಸರು ಖಾಲಿ ಬಂದರೆ ಉಳಿಯುತ್ತಿದ್ದದ್ದು 'ಎಲ್ಲ ಅಳಿಸು' ಮಾತ್ರ. ಬಳಕೆದಾರನ ಸ್ವಂತ ಫೈಲುಗಳೂ, ಜೋಡಿಸಿಟ್ಟ ಬ್ಯಾಕಪ್ ಡಿಸ್ಕಿನಲ್ಲಿದ್ದದ್ದೂ ಹೋದವು. ಆ ಸಾಲಿನ ಪಕ್ಕದಲ್ಲೇ ಬರೆದವರು 'ಸ್ಕೇರಿ!' ಎಂದು ಟಿಪ್ಪಣಿ ಹಾಕಿಟ್ಟಿದ್ದರು.

ಸಂಜೆ ಎಲ್ಲ ತಾಕುಗಳನ್ನು ಜೋಡಿಸಿ ಆಟ ತೆರೆದ. ಮನೆ ಇತ್ತು, ಕೆರೆ ಇತ್ತು. ಕೆರೆ ದಾಟಿ ಕೋಟೆಯತ್ತ ನಡೆದ. ಪಶ್ಚಿಮದ ಗೋಡೆ, ಎರಡು ಬುರುಜು, ಅಂಗಳದ ಅರ್ಧ. ಅಲ್ಲಿಂದಾಚೆ ಗರಗಸದಲ್ಲಿ ಕೊಯ್ದಂತೆ ನೇರ ಗೆರೆ. ಗೆರೆಯಾಚೆ ದಟ್ಟ ಕಾಡು. ಸಿಗದ ತಾಕನ್ನು ಆಟ ಖಾಲಿ ಬಿಡುವುದಿಲ್ಲ. ಲೆವೆಲ್ ಫೈಲಿನಲ್ಲಿರುವ 'ಸೀಡ್' ಎಂಬ ಒಂದೇ ಸಂಖ್ಯೆಯಿಂದ ಆ ನೆಲವನ್ನು ಮೊದಲಿದ್ದಂತೆಯೇ ಮತ್ತೆ ಬೆಳೆಸುತ್ತದೆ.

"ಇಲ್ಲಿ ಮೊದಲು ಮರ ಇದ್ವು, ಮಾವ," ಎಂದ. "ಕೋಟೆ ಕಟ್ಟೋಕೆ ನಾನೇ ಕಡಿದಿದ್ದೆ."